ಸಿಂಗಪುರಕ್ಕೆ ಹೋದ ಒಂದು ಸಾಲು

ದಿವಂಗತ ಲುಂಗ್ ಥವಿನ್ ಅವರ ಪತ್ನಿ, ನಮ್ಮೆಲ್ಲರ ದೊಡ್ಡಮ್ಮ ಪಾ ಅಂಪಾಯ್ ಅವರೇ, ಕಂಪನಿಯ ಅಧ್ಯಕ್ಷರಾದ ಖುನ್ ಕ್ರಿಸದಾ ಅವರೇ, ಈಗಷ್ಟೇ ಬಿಸಿ ಗಂಜಿ ಕುಡಿದು ಬೆವರೊರೆಸಿಕೊಳ್ಳುತ್ತಿರುವ ಮಹಾಚಾಯ್ ಮೀನು ಕಾರ್ಖಾನೆಯ ಬಂಧುಗಳೇ — ನಮಸ್ಕಾರ.

ನಮಗೆಲ್ಲ ದೊಡ್ಡಪ್ಪನಂತಿದ್ದು ‘ಲುಂಗ್’ ಎಂದೇ ಕರೆಸಿಕೊಂಡ ನಮ್ಮ ಕಂಪನಿ ಕಾರ್ಯದರ್ಶಿಯವರ ಬಗ್ಗೆ ಗಂಭೀರವಾಗಿ ಮಾತನಾಡಲು ನನ್ನನ್ನು ಆರಿಸಿದ್ದೀರಿ. ನನ್ನನ್ನು! ಅವರ ಸಹಾಯಕನಾಗಿದ್ದು ಅವರದೇ ಕನ್ನಡಕಕ್ಕೆ ಮೀನೆಣ್ಣೆ ಸವರಿದವನನ್ನು.

ಲುಂಗ್ ಯಾವ ಕಾಗದವನ್ನೂ ಗಟ್ಟಿಯಾಗಿ ಓದದೆ ಕಳಿಸಿದವರಲ್ಲ. ಹೀಗೆ — ಬೆರಳು ಸಾಲಿನ ಕೆಳಗೆ, ತುಟಿ ಮುಂದಕ್ಕೆ. ನಮ್ಮ ಷೇರು ಬ್ಯಾಂಕಾಕಿನಲ್ಲೂ ಇದೆ, ಸಿಂಗಪುರದಲ್ಲೂ ಇದೆ. ಹೊಸ ಷೇರು ಹೊರಡಿಸಿದರೆ ಎರಡೂ ಕಡೆ ಒಂದೇ ಹೊತ್ತಿಗೆ ಒಂದೇ ಪ್ರಕಟಣೆ. ಮಾತು ಆಚೀಚೆ ಆಗುವಂತಿಲ್ಲ.

ಹೋದ ವರ್ಷ ಕೋಲ್ಡ್ ಸ್ಟೋರೇಜ್ ಕಟ್ಟಲು ಹೊಸ ಷೇರು ಹೊರಡಿಸಿದೆವಲ್ಲ — ಆ ಬೆಳಿಗ್ಗೆ. ಅದನ್ನು ಕೊಳ್ಳಲು ವಿದೇಶದ ನಾಲ್ಕು ಹೂಡಿಕೆ ಫಂಡ್‌ನವರು ಬೆಲೆಗೆ ಒಪ್ಪಿದ್ದರು. ನಮ್ಮ ಷೇರುಪೇಟೆ ತೆರೆಯುವುದು ಹತ್ತಕ್ಕೆ, ಸಿಂಗಪುರದ್ದು ನಮ್ಮ ಗಡಿಯಾರದ ಎಂಟಕ್ಕೆ. ಸಿಂಗಪುರದ ಪ್ರತಿಯ ಕೊನೆಗೆ ನಾನೊಂದು ಸಾಲು ಸೇರಿಸಿದ್ದೆ: ‘ಸಾವಿರ ಷೇರು ಕೊಂಡವರಿಗೆ ಖಾರದ ಮೀನಿನ ಡಬ್ಬಿಯೊಂದು ಉಚಿತ.’

ನಗಬೇಡಿ. ಓದುವಾಗ ಲುಂಗ್ ಹಿಡಿಯಲಿ, ಬೈಯಲಿ ಎಂದು ಹಾಗೆ ಮಾಡಿದ್ದು. ಆದರೆ ಅವರು ಥಾಯ್ ಪ್ರತಿ ಓದಿ ಮುಗಿಸುವಷ್ಟರಲ್ಲಿ ಖುನ್ ಕ್ರಿಸದಾ, ನೀವು ಬಂದು, “ಓದಿದ್ದು ಸಾಕು ಲುಂಗ್, ಎರಡೂ ಕಳ್ಸಿ” ಎಂದಿರಿ. ನಾನು ಕಾಫಿ ತರಲು ಹೋಗಿದ್ದೆ. ಬಂದಾಗ ಏಳೂ ನಲವತ್ತಾರು.

“ಸಿಂಗಪುರದ್ದು ಓದಿದ್ರಾ, ಲುಂಗ್?”

“ಕಳ್ಸಾಯ್ತು. ಯಾಕೋ ನೊಪ್, ಮುಖ ಬಿಳಚ್ಕೊಂಡಿದೆ? ಕಾಫಿಗೆ ಉಪ್ಪು ಹಾಕಿದ್ಯಾ?”

ಹೇಳಿದೆ. ಅವರು ಬೈಯಲಿಲ್ಲ — ಅದಕ್ಕೇ ಭಯವಾಯಿತು. ಎರಡು ಪ್ರಕಟಣೆ ಬೇರೆ ಬೇರೆಯಾದರೆ ಫಂಡ್‌ನವರು ಒಪ್ಪಂದ ಮುರಿಯಬಹುದಿತ್ತು. ಲುಂಗ್ ಸಿಂಗಪುರದ ಷೇರುಪೇಟೆಗೆ ಫೋನು ಹಚ್ಚಿದರು. ರಿಂಗಾಗುತ್ತಿದೆ. ಏಳೂ ಐವತ್ತೆರಡು. ರಿಂಗಾಗುತ್ತಲೇ ಇದೆ. “ಎತ್ರಪ್ಪಾ, ಎತ್ರೀ...” ಏಳೂ ಐವತ್ತಾರು — ಎತ್ತಿದರು! “ನಮ್ಮ ಷೇರಿನ ವಹಿವಾಟು ತಡೀರಿ. ತಿದ್ದುಪಡಿ ಬರ್ತಿದೆ.” ಎಂಟಕ್ಕೆ ಒಂದು ನಿಮಿಷವಿರುವಾಗ ತಡೆ ಬಿತ್ತು.

ಮೂರು ಫಂಡ್‌ನವರು ನಕ್ಕು ಸುಮ್ಮನಾದರು. ನಾಲ್ಕನೆಯವರು ನಗಲಿಲ್ಲ. ತಪ್ಪು ಯಾರದೆಂದು ಬರೆದುಕೊಡಿ, ಇಲ್ಲವಾದರೆ ನಾವು ಹೊರಟೆವು ಎಂದರು. ನೀವು ಮೇಜು ಗುದ್ದಿದಿರಿ, ಖುನ್ ಕ್ರಿಸದಾ: “ಯಾರ ಕೆಲ್ಸ ಇದು?”

ನಾನು ಬಾಯಿ ತೆರೆದೆ. ಲುಂಗ್ ನನ್ನ ಕಾಲು ತುಳಿದರು — ಜೋರಾಗಿ.

“ನಂದೇ. ತಮಾಷೆಗೆ ಬರ್ದಿದ್ದೆ, ಮರೆತು ಕಳ್ಸ್‌ಬಿಟ್ಟೆ. ವಯಸ್ಸಾಯ್ತಲ್ಲ.”

ಹೊರಗೆ ಬಂದು ನನಗೆ ಹೇಳಿದರು: “ನಿಂಗಿನ್ನೂ ಮೂವತ್ತು ವರ್ಷ ಸರ್ವಿಸ್ ಇದೆ ಕಣೋ. ನಂಗೆ ಎಂಟೇ ತಿಂಗ್ಳು. ಬಾಯ್ ಮುಚ್ಕೊಂಡಿರು.”

ಮುಚ್ಚಿಕೊಂಡಿದ್ದೆ. ಕೋಲ್ಡ್ ಸ್ಟೋರೇಜ್ ಎದ್ದಿತು. ಲುಂಗ್‌ಗೆ ಆ ಎಂಟು ತಿಂಗಳೂ ಸಿಗಲಿಲ್ಲ, ಮರುವಾರವೇ ಕಂಪನಿ ಅವರನ್ನು ಮನೆಗೆ ಕಳಿಸಿತು. ಪಾ ಅಂಪಾಯ್, ಅವರಿಗೆ ಅರಳುಮರಳೆಂದು ಹೆದರಿ ನೀವು ಬೈಕಿನ ಕೀಲಿ ಬಚ್ಚಿಟ್ಟಿರಂತೆ. ಅರಳುಮರಳಾಗಿರಲಿಲ್ಲ, ಪಾ. ನಿಮಗೂ ಹೇಳಲಿಲ್ಲ, ಅಷ್ಟೆ.

ಕಡತದಲ್ಲಿರುವ ತಪ್ಪೊಪ್ಪಿಗೆಗೆ ಅವರ ಸಹಿ ಇದೆ. ಇಗೋ, ಈ ತಪ್ಪೊಪ್ಪಿಗೆಗೆ ನನ್ನದು. ಖುನ್ ಕ್ರಿಸದಾ, ಕೈ ಚಾಚಿ — ಹಾಂ. ನಾಳೆ ಬೆಳಿಗ್ಗೆ ಎರಡೂ ಪೇಟೆಗೆ ಕಳಿಸಿ. ನನ್ನನ್ನು ಎಲ್ಲಿಗೆ ಕಳಿಸುತ್ತೀರೋ, ನಿಮಗೆ ಬಿಟ್ಟದ್ದು.

ಒಂದು ವರ್ಷ ನನಗೋಸ್ಕರ ಸುಮ್ಮನಿದ್ದೆ. ಈಗ ಒಂದು ನಿಮಿಷ, ಅವರಿಗೋಸ್ಕರ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ.