ಉಜ್ವಲಾ ಹೊಡೆಸಿದ ಭೋಂಗಾ

ಎಲ್ಲರಿಗೂ ಈ ಮಲ್ಲಾರಿಯ ನಮಸ್ಕಾರ. ಗಡಹಿಂಗ್ಲಜದಿಂದ ಬಂದಿರುವ ಉಜ್ವಲಾಳ ತಾಯಿ ಜನಾಬಾಯಿಯವರೇ, ಪತಿ ಋಷಿಕೇಶರೇ, ಗೋಕುಳ ಶಿರಗಾಂವದ ನಮ್ಮ ಫೌಂಡ್ರಿಯ ಬಂಧುಗಳೇ — ಕಾಯಿಲೆ ಅವಳನ್ನು ಒಯ್ದಿತು, ನಿಜ. ಸಂಕಟವಾಗುತ್ತದೆ. ಆದರೆ ನಾನು ಅಳಲು ಎದ್ದಿಲ್ಲ. ಎದೆಯುಬ್ಬಿಸಿ ಹೇಳಲು ಎದ್ದಿದ್ದೇನೆ.

ನಮ್ಮ ಎರಕದ ಭಟ್ಟಿಯ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ನಿಂತರೆ ಭಟ್ಟಿ ಸಿಡಿಯುತ್ತದೆ, ಮುಂದೆ ಇದ್ದವರು ಉಳಿಯುವುದಿಲ್ಲ. ನೀರಿನ ಸ್ಥಿತಿ ಕಂಪ್ಯೂಟರಿನ ಬ್ರೌಸರಿನಲ್ಲಿ ಕಾಣುತ್ತದೆ. ಆದರೆ ಆ ಪುಟ ನೋಡುವವರು ಯಾರು? ಕುಣಾಲ, ತಲೆ ತಗ್ಗಿಸಬೇಡ — ನೀನು ಅದೇ ಕಂಪ್ಯೂಟರಿನಲ್ಲಿ ಕಬಡ್ಡಿ ನೋಡುತ್ತಿದ್ದೆ!

ಅದಕ್ಕೇ ನಮ್ಮ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಉಜ್ವಲಾ ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದಳು. ಯಾವ ಪುಟ ತೆರೆದಿದ್ದರೂ ಅದು ಬ್ರೌಸರಿನ ಹಿನ್ನೆಲೆಯಲ್ಲಿ ಕೂತು ನೀರು ಕಾಯಬೇಕು, ನಿಂತರೆ ಎಚ್ಚರಿಸಬೇಕು. ಪರೀಕ್ಷೆಗೆಂದು ಖಾಲಿ ಭಟ್ಟಿಯ ಪಂಪು ನಿಲ್ಲಿಸಿದೆವು. ಪರದೆಯ ಮೇಲೆ — ಏನೂ ಇಲ್ಲ. ನಾವೆಲ್ಲ ನಕ್ಕೆವು. ಉಜ್ವಲಾ ಅಂದಳು:

"ನಗಬ್ಯಾಡ್ರಿ! ಹಿಂದ ಓಡೋ ಕೋಡಿಗೆ ತನ್ನದ ಅಂತ ಪುಟಾನ ಇಲ್ಲ. ಅಲರ್ಟ್ ಅಂದ್ರ ಎಲ್ಲಿ ತೋರಸ್ಬೇಕು ಅದು? ಕಂಪ್ಯೂಟರಿನ ನೋಟಿಫಿಕೇಶನ್ನಿಗೇ ಹೇಳಸ್ತೀನಿ. ಯಾರರ ಒತ್ತೋತನಕ ಅದು ಹೋಗಂಗಿಲ್ಲ, ನೋಡ್ರಿ."

ಮಾಡಿದಳು! ಕಬಡ್ಡಿಯ ನೆತ್ತಿಯ ಮೇಲೇ ಬಂದು ಕೂತಿತು ಆ ಸೂಚನೆ. ಗೆದ್ದೆವು ಅಂದುಕೊಂಡೆವು. ಅಷ್ಟರಲ್ಲಿ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಯಂತ್ರಗಳ ಪೂಜೆ, ನಿಮಗೆ ಗೊತ್ತೇ ಇದೆ. ಕಂಪ್ಯೂಟರಿಗೂ ಹಾರ — ಹೀಗೆ, ಇಷ್ಟು ದಪ್ಪ! ಪರದೆ ಪೂರಾ ಮುಚ್ಚಿಹೋಯಿತು. ಪೂಜೆಯ ಹಾರ ತೆಗೆಯಲು ಯಾರೂ ಒಪ್ಪಲಿಲ್ಲ. ಹಾಗಾದರೆ ಸೂಚನೆಯ ಜೊತೆ ಗಂಟೆ ಬಾರಿಸು ಎಂದೆ ನಾನು.

"ಗಂಟಿ ಬಾರಿಸಿದ್ರ ಆರತಿ ಅಂತ ಕೈ ಮುಗದ ನಿಂದರ್ತೀರಿ ಮಾಮಾ. ಪಾಳಿ ಮುಗದ ಸೂಟಿ ಆದಾಗ ಹೊಡೀತದಲ್ಲ ಸೈರನ್, ಆ ಭೋಂಗಾ ಹಾಕ್ತೀನಿ. ಅದನ್ನ ಕೇಳಿದ್ರ ನೀವು ಯಾರಪ್ಪನ ಮಾತೂ ಕೇಳಂಗಿಲ್ಲ!"

ಮುಂದಿನ ಅಮಾವಾಸ್ಯೆ. ಭಟ್ಟಿಯ ತುಂಬ ಕುದಿಯುವ ಲೋಹ. ಅದರ ಮುಂದೆಯೇ ಆರತಿ, ಎಲ್ಲರೂ ಕಣ್ಣು ಮುಚ್ಚಿದ್ದೇವೆ. ಪಂಪು ನಿಂತಿತು — ಒಬ್ಬರಿಗೂ ಗೊತ್ತಿಲ್ಲ. ಹಾರದ ಹಿಂದಿನಿಂದ ಭೋಂಗಾ ಹೊಡೆಯಿತು ನೋಡಿ! ಆರತಿ ತಟ್ಟೆ ಅಲ್ಲೇ, ಪ್ರಸಾದ ಅಲ್ಲೇ. ಸೂಟಿ ಆಯಿತೆಂದು ಊಟದ ಡಬ್ಬಿ ಹಿಡಿದು ಗೇಟಿಗೆ ಓಡಿದೆವು! ಗೇಟು ದಾಟುವಷ್ಟರಲ್ಲಿ ಭಟ್ಟಿ ಸಿಡಿಯಿತು. ಛಾವಣಿಯ ತಗಡು ಹಾರಿಹೋಯಿತು. ಯಾರ ಕೂದಲೂ ಕೊಂಕಲಿಲ್ಲ. ಆ ಸಂಜೆ ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಕೂತು ಉಂಡೆವು.

ಜನಾಬಾಯಿಯವರೇ, ಸ್ವಲ್ಪ ಹೀಗೆ ತಿರುಗಿ. ಅವತ್ತು ಆ ಭಟ್ಟಿಯ ಮುಂದೆ ಇದ್ದವರು ಮೊದಲು ಎದ್ದು ನಿಲ್ಲಿ. — ಹಿಂದಿನ ಸಾಲಿನವರೂ. — ನೋಡಿ ತಾಯಿ, ಇವರೆಲ್ಲ ನಿಮ್ಮ ಮಗಳು ಉಳಿಸಿದವರು.

ಈಗ ಉಳಿದ ಎಲ್ಲರೂ ಏಳಿ. ಉಜ್ವಲಾಳಿಗಾಗಿ ಮೌನವಾಗಿ ನಿಲ್ಲೋಣ.