ಸುಟ್ಟ ಕೋಳಿಯ ಟಿಕೆಟ್ಟು

ಲಿಮಾದಲ್ಲಿ ಬೆಳಗಿನ ಬಸ್ಸಿನ ಕ್ಯೂ. ನನ್ನ ಮುಂದೆ ಕಾಲೇಜು ವಯಸ್ಸಿನ ಇಬ್ಬರು ಹುಡುಗಿಯರಿದ್ದರು, ಒಬ್ಬರನ್ನೊಬ್ಬರು ಯದಿರಾ, ನೆಲಿದಾ ಎಂದು ಕರೆಯುತ್ತಿದ್ದರು. ನೆಲಿದಾ ಇಸ್ತ್ರಿ ಮಾಡಿದ ನೀಲಿ ಕೋಟು ಹಾಕಿದ್ದಳು. ಅವರ ಮಾತಿಗೆ ನಾನು ಕಿವಿ ಕೊಡಬಾರದಿತ್ತು, ಆದರೆ ಕ್ಯೂ ಕದಲಲೇ ಇಲ್ಲ.

"ಕೆಲಸವೇ ಸುಳ್ಳು ಅಂದ್ಮೇಲೆ ಕೋಟು ಯಾಕೇ?" ಎಂದಳು ಯದಿರಾ.

"ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನಾ ಹೊರಡ್ತೀನಿ, ಪಾರ್ಕಲ್ಲಿ ಕೂತಿದ್ದು ಸಂಜೆ ಬರ್ತೀನಿ."

"ಆ ಆಫೀಸಿಗೆ ಹೋಗಿ ನೋಡಿದ್ಯಾ?"

"ಅವರು ಕೊಟ್ಟ ಅಡ್ರೆಸ್ಸಲ್ಲಿ ಹಲ್ಲಿನ ಡಾಕ್ಟರಿದಾರೆ. ಫೋನೂ ಎತ್ತಲ್ಲ."

"ಮುಖ ತೋರಿಸದೆ ವಾಟ್ಸಾಪಲ್ಲೇ ಇಂಟರ್‌ವ್ಯೂ ಮಾಡಿದ್ರು, ಟ್ರೈನಿಂಗಿಗೆ ಮೊದಲೇ ದುಡ್ಡು ಕೇಳಿದ್ರು. ಅಲ್ಲೇ ಗೊತ್ತಾಗ್ಬೇಕಿತ್ತಲ್ವೇನೇ?"

"ಗೊತ್ತಾಗಿತ್ತು ಕಣೇ. ಎಷ್ಟು ಕಡೆ ಅರ್ಜಿ ಹಾಕಿದ್ದೆ, ಉತ್ತರ ಕೊಟ್ಟಿದ್ದು ಅವರೊಬ್ಬರೇ."

"ಅಮ್ಮನಿಗೆ ಹೇಳ್ಬಿಡು. ಬೈತಾರೆ, ಆಮೇಲೆ ಸುಮ್ಮನಾಗ್ತಾರೆ."

"ಅಮ್ಮ ಒಬ್ಬಳೇ ಆಗಿದ್ರೆ ಹೇಳ್ತಿದ್ದೆ. ಆ ಟ್ರೈನಿಂಗ್ ದುಡ್ಡು ಕೂಡಿಸೋಕೆ ಬೀದೀಲಿ ಪೊಯಾಡಾ ಮಾಡಿದ್ವಲ್ಲ. ಅಮ್ಮ ಕೋಳಿ ಸುಟ್ಟಳು, ಬೀದಿಯೋರೆಲ್ಲ ಟಿಕೆಟ್ ತಗೊಂಡು ತಿಂದ್ರು. ಈಗ ಸಿಕ್ಕೋರೆಲ್ಲ ಆಫೀಸು ಹೇಗಿದೆ ಅಂತ ಕೇಳ್ತಾರೆ."

"ಏನಂತೀಯ?"

"ಏಸಿ ಇದೆ ಅಂತೀನಿ."

ನೆಲಿದಾಳೇ ಮುಂದುವರಿಸಿದಳು.

"ಎದುರು ಮನೆ ಫ್ಲೋರಿಂದಾ ಆಂಟಿ ಮಗಳನ್ನೂ ಅಲ್ಲಿಗೇ ಸೇರಿಸ್ತಾರಂತೆ. ನಿನ್ನೆ ಬಂದು, ಆ ಕಂಪನೀನ ನಂಬಬಹುದೇನಮ್ಮಾ ಅಂತ ಕೇಳಿದ್ರು."

"ನೀನೇನಂದೆ?"

ಬಸ್ಸು ಬಂತು. ನೆಲಿದಾ ಕೋಟಿನ ಕಾಲರ್ ಸರಿಮಾಡಿಕೊಂಡು ಹತ್ತಿದಳು.

"ನೆಲಿದಾ, ಅವರಿಗೆ ಏನಂದೆ?"

"ಮಗಳ ಟ್ರೈನಿಂಗ್ ದುಡ್ಡಿಗೆ ಭಾನುವಾರ ಅವರ ಮನೇಲಿ ಪೊಯಾಡಾ. ನಾನೂ ಒಂದು ಟಿಕೆಟ್ ತಗೊಂಡೆ."

ಯದಿರಾ ಕೆಳಗೇ ನಿಂತಿದ್ದಳು. ಬಸ್ಸಿನ ಬಾಗಿಲು ಮುಚ್ಚಿತು.