ಪಂಚಾಕ್ಷರಿ ಹೇಳಿ ಇಳಿದ ಫ್ಲೈಓವರ್

ದಿಲ್ಲಿಯ ಜನಕಪುರಿಯ ಮೆಕ್ಯಾನಿಕ್ ಅಂಗಡಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಫ್ಲೈಓವರ್ ಇಳಿಯುವಾಗ ಅವರ ಬೈಕಿನ ಬ್ರೇಕ್ ಹೋಗಿತ್ತಂತೆ.

"ನಿಂಗೆ ಭಯ ಆಗ್ಲಿಲ್ವೇನೇ, ಹಂಸಿನಿ?"

"ಆಯ್ತು ಅತ್ತೆ. ಅಷ್ಟರಲ್ಲಿ ನೀವು ಹಿಂದೆ ಕೂತು ಪಂಚಾಕ್ಷರಿ ಶುರು ಮಾಡಿದ್ರಿ."

"ಕೊನೇ ಸಲ ಅಂತ ಹೇಳ್ಕೊಂಡೆ ಕಣೆ."

"ನಾನು ಒಂದೊಂದು ಅಕ್ಷರಕ್ಕೆ ಒಂದೊಂದು ಗೇರ್ ಇಳಿಸಿದೆ. ನ, ಮಃ, ಶಿ, ವಾ. ‘ಯ’ ಅನ್ನೋಷ್ಟರಲ್ಲಿ ಗಾಡಿ ನಿಂತಿತ್ತು."

"ಅಚ್ಛಾ. ನಾನು ಶಿವ ನಿಲ್ಲಿಸಿದ ಅಂದ್ಕೊಂಡೆ."

"ಅವನೇ ಅತ್ತೆ. ನೀವು ಗಾಬರಿಯಲ್ಲಿ ಬಡಬಡ ಅಂತ ಹೇಳಿದ್ರೆ ಇಬ್ರೂ ಬೀಳ್ತಿದ್ವಿ."

ಮೆಕ್ಯಾನಿಕ್ ಭಯ್ಯಾ ಬ್ರೇಕ್ ಸರಿಯಾಯಿತೆಂದು ಕೈ ಮಾಡಿದ.

"ನೀವು ಮೆಟ್ರೋದಲ್ಲಿ ಬರ್ತೀರಾ, ಅತ್ತೆ?"

ಅತ್ತೆ ಸೆರಗು ಸಿಕ್ಕಿಸಿ ಹೆಲ್ಮೆಟ್ ಹಾಕಿದರು. ನನ್ನಜ್ಜಿಯ ಕಥೆಗಳ ರಾಣಿ ಕುದುರೆ ಏರಿದ ಹಾಗೆ ಹಿಂದಿನ ಸೀಟು ಏರಿದರು.

"ಚಲೋ. ನಿಧಾನಕ್ಕೇ ಹೇಳ್ತೀನಿ."